ಹಾಸ್ಟೆಲ್ ಸೀಟು

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸಂಡೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಂಡ್ರಿಯ ಬಸಕ್ಕ, ಮಗಳು ಅಂಜಲಿ ಕುಳಿತಿದ್ದರು. ಹುಡುಗಿಗೆ ಎಂ.ಎ. ಸೀಟಿನ ಜೊತೆ ಸರ್ಕಾರಿ ಹಾಸ್ಟೆಲ್ಲೂ ಸಿಕ್ಕಿದೆ ಎಂದು ಅವರ ಮಾತಿನಿಂದ ತಿಳಿಯಿತು.

“ಹಾಸ್ಟೆಲ್ ಬ್ಯಾಡ ಅಂದು ಬಂದೀ ಏನ?”

“ಬ್ಯಾಡ ಅಂದಿಲ್ಲವ್ವ, ನಾಳೆ ಹೇಳ್ತೀನಿ ಅಂದೀನಿ. ಹಾಸ್ಟೆಲ್ ಸೇರಿದ್ರ ಸ್ಕಾಲರ್‌ಶಿಪ್ ದುಡ್ಡು ಕೈಗೆ ಬರಂಗಿಲ್ಲ, ಮನಿಯಿಂದ ಹೋಗಿ ಬಂದ್ರ ನನ್ನ ಖಾತೆಗೆ ಬರ್ತೈತಿ.”

“ಬಂದಿದ್ದು ಎಲ್ಲಿ ಉಳೀತೈತಿ? ಹ್ವಾದ ವರ್ಷದ್ದು ನಿಮ್ಮಣ್ಣನ ಬೈಕಿಗೆ ಹೋತು.”

“ಈ ಸಲ ಕೊಡಂಗಿಲ್ಲ. ನಿನ್ನ ಮಂಡಿ ಡಾಕ್ಟರಿಗೆ ತೋರಿಸೋಣು.”

“ನನ್ನ ಮಂಡಿ ಸುದ್ದಿ ಬಿಡು.”

“ನಾ ಇಲ್ಲಂದ್ರ ನೀರು ಯಾರು ತರ್ತಾರ? ರೊಟ್ಟಿ ಯಾರು ಬಡೀತಾರ?”

“ಅದಕ್ಕಾ ಹೇಳೋದು. ಮನ್ಯಾಗಿದ್ರ ನೀರೂ ನೀನಾ, ರೊಟ್ಟೀನೂ ನೀನಾ. ಓದೋದು ಯಾವಾಗ? ದುಡ್ಡು ಬಂದ್ರ ಎಲ್ಲಾರೂ ಹಂಚಿಗೊಂತಾರ. ಹಾಸ್ಟೆಲ್ಲಿನ ಊಟ ನಿನ್ನ ಹೊಟ್ಟಿಗೇ ಬೀಳ್ತೈತಿ.”

ಅಂಜಲಿ ತಾಯಿಯ ಕಡೆ ತಿರುಗಿದಳು.

“ನೀ ಒಬ್ಬಾಕೀನೇ ಹೆಂಗ ಮಾಡ್ತಿಯವ್ವ?”

“ಒಬ್ಬಾಕಿ ಯಾಕ? ನಿಮ್ಮಣ್ಣಗ ಕೈ ಇಲ್ಲೇನು? ಕೊಡ ಹೊರೋದು ಕಲೀಲಿ.”

ಹುಡುಗಿಗೆ ನಗು ಬಂತು. “ಅವ ಕೊಡ ಹೊರ್ತಾನಾ?”

“ನೀ ಇರೋತನ ಹೊರಂಗಿಲ್ಲ.”

ಅಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು. ಅಂಜಲಿ ಬ್ಯಾಗು ಹೆಗಲಿಗೇರಿಸಿ ಎದ್ದಳು. ಬಸಕ್ಕ ಅವಳ ತೋಳು ಹಿಡಿದು ನಿಲ್ಲಿಸಿದಳು.

“ಈ ಬಸ್ಸಿಗೆ ಬ್ಯಾಡ. ಹಾಸ್ಟೆಲ್ ಆಫೀಸು ಇನ್ನಾ ತೆರೆದಿರ್ತೈತಿ. ಜಲ್ದಿ ನಡಿ, ಹೂಂ ಅಂತ ಹೇಳಿ ಬರೋಣು.”

ನಾನು ಹತ್ತಿ ಕಿಟಕಿ ಪಕ್ಕ ಕುಳಿತೆ. ಬಸ್ಸು ಹೊರಡುವಾಗ ತಾಯಿ ಮಗಳಿಬ್ಬರೂ ಗೇಟಿನ ಹತ್ತಿರ ಆಟೊ ಹತ್ತುತ್ತಿದ್ದರು.