ಐವತ್ತಕ್ಕೆ ಜಿಮ್ಮು

ಗುರುಪಾದಪ್ಪನವರು ಸನತ್‌ನಗರದ ಬಸ್‌ಸ್ಟಾಪಿನಲ್ಲಿ ಕೂತಿದ್ದರು. ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ಬಾಯಲ್ಲಿ ಶಿವನಾಮ ತಾನಾಗಿ ನಡೆದಿತ್ತು, ಅದರ ರುಚಿ ಮಾತ್ರ ತಿಳಿಯುತ್ತಿರಲಿಲ್ಲ. ಸುತ್ತಲಿನ ತೆಲುಗು ಮಾತಿನ ನಡುವೆ ಕನ್ನಡ ಕಿವಿಗೆ ಬಿತ್ತು. ಪಕ್ಕದಲ್ಲಿ ಕಾರ್ಖಾನೆಯ ಸಮವಸ್ತ್ರ ತೊಟ್ಟ ಇಬ್ಬರು ಗೆಳೆಯರು ನಿಂತಿದ್ದರು.

“ಏನಲೇ ರೇವಣ್ಯಾ, ಜಿಮ್ಮಿಗೆ ಹೊಂಟೀಯಂತ? ಐವತ್ತಕ್ಕ ಪೈಲ್ವಾನ ಆಗಾಂವೇನು?”

“ಇಪ್ಪತ್ತು ವರ್ಷ ಕುರ್ಚಿ ಬಿಟ್ಟು ಎದ್ದಿಲ್ಲೋ ಶಿವಾನಂದ. ನಿನ್ನೆ ಐದು ಕಿಲೋ ಎತ್ತೀನಿ, ಇವತ್ತು ತಲಿ ಬಾಚಾಕೂ ಕೈ ಏಳವಲ್ದು. ಕಲಿಸಾಕಿ ‘ಅಂಕಲ್, ಮೆಲ್ಲಗಾ’ ಅಂತಾಳ.”

“ಡಾಕ್ಟರ್ ಹೇಳಿದ್ರೇನು?”

“ಇಲ್ಲ. ಅಪ್ಪನ್ನ ಮಣ್ಣಿಗೆ ಒಯ್ಯೂ ಮುಂದ ಅವನ್ನ ಕುಂದ್ರಿಸಿದ್ದ ವಿಮಾನಕ್ಕ ಹೆಗಲು ಕೊಟ್ನೆಲ್ಲ, ಹತ್ತು ಹೆಜ್ಜಿಗೆ ಕಾಲು ನಡುಗಿದ್ವು. ನೀನ ಬಂದು ಹಿಡದಿ.”

“ಆ ಗದ್ದಲದಾಗ ಯಾರೂ ನೋಡಲಿಲ್ಲ ಬಿಡೋ.”

“ಅವ್ವ ನೋಡಿದ್ಲು.”

ಶಿವಾನಂದನ ನಗು ನಿಂತಿತು.

“ಮತ್ತ ನೀ ಯಾಕ ಜಿಮ್ಮಿಗೆ ಹೊಂಟೀ ಅಂತ ಅಕಿಗೆ ಗೊತ್ತೈತೇನು?”

“ಗೊತ್ತಿಲ್ಲದ ಏನು? ದಿನಾ ನಸುಕಿನ್ಯಾಗ ಅಕೀನ ಎಬ್ಬಸ್ತಾಳ. ‘ಏಳಪ್ಪಾ, ಹೋಗಿ ಬಾ. ನನ್ನ ಹೊರಾಕ ನಿನ್ನ ಕೈಲೆ ಆಗೂತನಕ ನಾ ತಡೀತೀನಿ’ ಅಂತಾಳ.”

ಬಸ್ಸು ಬಂತು. ಶಿವಾನಂದ ಗೆಳೆಯನ ಚೀಲ ಇಸಿದುಕೊಳ್ಳಲು ಕೈ ಚಾಚಿದ. ರೇವಣಸಿದ್ದ ಕೊಡಲಿಲ್ಲ. ನೋಯುವ ಕೈಯಿಂದಲೇ ಕಂಬಿ ಹಿಡಿದು, ಹಲ್ಲು ಕಚ್ಚಿ ಹತ್ತಿದ. ನೋಡುತ್ತಿದ್ದ ಗುರುಪಾದಪ್ಪನವರ ನಾಲಿಗೆಗೆ ತಿಂಗಳ ಮೇಲೆ ಶಿವನಾಮದ ರುಚಿ ತಾಗಿತು.