ಮಾಕಳಿಯ ಬರ್ನರ್ ಬಿಚ್ಚಿ ತಂದ ಬಗ್ಗೆ

ಹೆಸರು: ಶಿವಗಂಗಾ, ತಂದೆ: ಈರಪ್ಪ. ವಯಸ್ಸು: 33 ವರ್ಷ. ಉದ್ಯೋಗ: ಪೀಣ್ಯ ಎರಡನೇ ಹಂತದ ಬರ್ನರ್ ತಯಾರಿಕಾ ಘಟಕದಲ್ಲಿ ಡಿಸೈನ್ ವಿಭಾಗದ ಮುಖ್ಯಸ್ಥೆ. ವಾಸ: 3ನೇ ಅಡ್ಡರಸ್ತೆ, ಟಿ. ದಾಸರಹಳ್ಳಿ, ಬೆಂಗಳೂರು. ಸ್ವಂತ ಊರು: ರೋಣ, ಗದಗ ಜಿಲ್ಲೆ.

ಮೇಲ್ಕಂಡ ನಾನು ಯಾರೂ ಕರೆಸದೆ, ನಾನಾಗಿಯೇ ಈ ದಿನ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ 2002ನೇ ಇಸವಿಯಿಂದ ಸದರಿ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಘಟಕದ ಮಾಲೀಕರು ಶ್ರೀ ವೆಂಕಟೇಶಪ್ಪನವರು. ಬಟ್ಟೆ ತೊಳೆಯುವ ಕಾರ್ಖಾನೆ, ಹಾಸ್ಟೆಲ್ಲಿನ ಅಡುಗೆಮನೆ, ಆಸ್ಪತ್ರೆಯ ಲಾಂಡ್ರಿ ಮುಂತಾದ ಕಡೆ ಹಬೆ ಮಾಡುವ ಬಾಯ್ಲರುಗಳಿಗೆ ಎಣ್ಣೆಯಿಂದ ಉರಿಯುವ ಬರ್ನರುಗಳನ್ನು ನಾವು ತಯಾರಿಸುತ್ತೇವೆ. ಬರ್ನರ್ ಎಂದರೆ ದೊಡ್ಡ ಸ್ಟವ್ ಎಂದು ಹೆಡ್ ಕಾನ್‌ಸ್ಟೆಬಲ್ ರಾಮಯ್ಯನವರು ಬರೆದುಕೊಳ್ಳಲು ಹೊರಟರು. ಹಾಗೆ ಬರೆಯಬಾರದೆಂದು ಹೇಳಿದೆ. ಸ್ಟವ್ ಆರಿದರೆ ಕಣ್ಣಿಗೆ ಕಾಣುತ್ತದೆ. ಬರ್ನರಿನಲ್ಲಿ ಪಂಪು ಎಣ್ಣೆಯನ್ನು ಸಣ್ಣ ತೂತಿನಿಂದ ಮಂಜಿನ ಹಾಗೆ ಚಿಮ್ಮಿಸುತ್ತದೆ, ಬ್ಲೋವರ್ ಗಾಳಿ ಕೊಡುತ್ತದೆ, ಕಿಡಿ ಹತ್ತಿ ಬಾಯ್ಲರಿನ ಮುಚ್ಚಿದ ಒಳಕೋಣೆಯಲ್ಲಿ ಬೆಂಕಿ ಉರಿಯುತ್ತದೆ. ಉರಿ ಆರಿದರೆ ಆ ಕೋಣೆಯ ಗೋಡೆಗಳು ಇನ್ನೂ ಕೆಂಪಗೆ ಕಾದಿರುತ್ತವೆ. ಒಳಗೆ ಉಳಿದ ಎಣ್ಣೆ ಆವಿಯಾಗಿ ತುಂಬಿಕೊಳ್ಳುತ್ತದೆ. ಆ ಆವಿಯನ್ನು ಗಾಳಿ ಬೀಸಿ ಪೂರ್ತಿ ಹೊರಹಾಕದೆ ಮತ್ತೆ ಕಿಡಿ ಕೊಟ್ಟರೆ ತುಂಬಿದ್ದೆಲ್ಲ ಒಟ್ಟಿಗೇ ಹತ್ತಿ ಎದುರಿಗಿದ್ದವನ ಮೇಲೆ ಬರುತ್ತದೆ.

ಇದನ್ನು ತಡೆಯಲು ಸಾಮಾನ್ಯವಾಗಿ ಒಂದು ಟೈಮರ್ ಇರುತ್ತದೆ. ಅವಸರವಿದ್ದವರು ಅದಕ್ಕೊಂದು ತುಂಡು ವೈರ್ ಹಾಕಿ ಸುಮ್ಮನಾಗಿಸುತ್ತಾರೆ. ಆದ್ದರಿಂದ ನಾನು ವೈರಿನಿಂದ ಮೋಸ ಮಾಡಲಾಗದ ಒಂದು ಕಬ್ಬಿಣದ ತುಂಡನ್ನು ಡಿಸೈನ್ ಮಾಡಿದೆ. ಅದಕ್ಕೆ ನಮ್ಮಲ್ಲಿ ಸ್ಟಾಪರ್ ಎನ್ನುತ್ತೇವೆ. ಕಿರುಬೆರಳಿನಷ್ಟು ಉದ್ದ. ಅದು ಎಣ್ಣೆಯ ವಾಲ್ವಿಗೆ ಅಡ್ಡವಾಗಿ ನಿಂತಿರುತ್ತದೆ. ಗಾಳಿಯ ಬಾಗಿಲು ನಿಧಾನವಾಗಿ ತೆರೆದುಕೊಂಡು, ಒಳಕೋಣೆ ಗುಡಿಸಿದಂತೆ ಚೊಕ್ಕಟವಾದ ಮೇಲೆಯೇ ಅದು ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಯವರೆಗೆ ಯಾರು ಎಷ್ಟು ಸಲ ಗುಂಡಿ ಒತ್ತಿದರೂ ವಾಲ್ವ್ ಕದಲುವುದಿಲ್ಲ, ಎಣ್ಣೆ ಬರುವುದಿಲ್ಲ. ಉರಿ ಆರಿದ ಪ್ರತಿ ಸಲವೂ ಮೊದಲಿನಿಂದ ಕಾಯಬೇಕು. ಆ ಕಾಯುವಿಕೆ ಒಂದೂವರೆ ನಿಮಿಷ.

ಮಾಕಳಿಯ ಜೀನ್ಸ್ ತೊಳೆಯುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಈಶಪ್ಪನವರು ಕಳೆದ ಮಾರ್ಚ್ ತಿಂಗಳಲ್ಲಿ ನಮ್ಮ ಘಟಕಕ್ಕೆ ಬಂದು ಬರ್ನರ್ ನಡೆಸುವುದನ್ನು ಕಲಿತರು. ಅವರದು ಯಲಬುರ್ಗಾ ಕಡೆಯ ಹಳ್ಳಿ. ಸ್ಟಾಪರ್ ಸರಿಯುವುದನ್ನು ಬಗ್ಗಿ ನೋಡಿ, "ಅಂದ್ರ ಮೇಡಂ, ಸೂಪರ್ವೈಜರ್ ಎಷ್ಟ ಒದರಿದ್ರೂ ಇದು ಕೇಳಂಗಿಲ್ಲ ಅನ್ರಿ" ಎಂದು ನಕ್ಕರು. ಕೇಳುವುದಿಲ್ಲ ಎಂದು ನಾನು ಹೇಳಿದೆ. ಆ ಮಾತನ್ನು ನಂಬಿಯೇ ಅವರು ಹೋದರು.

ಏಪ್ರಿಲ್ ಮೊದಲ ವಾರ ವೆಂಕಟೇಶಪ್ಪನವರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಬೇರೆ ಕಂಪನಿಯ ಬರ್ನರ್ ಗುಂಡಿ ಒತ್ತಿದ ಕೂಡಲೇ ಹತ್ತುತ್ತದೆ, ನಮ್ಮದು ಹತ್ತುವಷ್ಟರಲ್ಲಿ ಹಬೆ ಇಳಿದುಹೋಗುತ್ತದೆ ಎಂದು ಗಿರಾಕಿಗಳು ಬೈಯುತ್ತಿದ್ದಾರೆಂದೂ, ಸ್ಟಾಪರ್ ತೆಗೆದ ಹೊಸ ಡ್ರಾಯಿಂಗ್ ಬೇಕೆಂದೂ ಹೇಳಿದರು. ನಾನು ಆಗುವುದಿಲ್ಲ ಎಂದೆ. ಕಾಯುವ ಹೊತ್ತನ್ನು ಕಡಿಮೆ ಮಾಡಲು ಬ್ಲೋವರನ್ನು ದೊಡ್ಡದು ಮಾಡೋಣ, ಅದರ ಲೆಕ್ಕ ನಾನು ಮಾಡಿಕೊಡುತ್ತೇನೆ ಎಂದೆ. ಅದಕ್ಕೆ ಅವರು, "ನೀನು ಡ್ರಾಯಿಂಗ್ ಮಾಡಮ್ಮ, ಬಿಸ್ನೆಸ್ ನಾನು ಮಾಡ್ತೀನಿ" ಎಂದರು. ಸ್ಟಾಪರ್ ಇಲ್ಲದ ಬರ್ನರಿನ ಡ್ರಾಯಿಂಗ್ ನನ್ನ ಕೈಯಿಂದ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಹೊರಗೆ ಬಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಮೇ ತಿಂಗಳಲ್ಲಿ ತಂಗಿಯ ಹೆರಿಗೆಗೆಂದು ನಾನು ರಜೆ ಪಡೆದು ರೋಣಕ್ಕೆ ಹೋಗಿದ್ದೆ. ಹಿಂತಿರುಗಿ ಬಂದಾಗ ಮಾಕಳಿಗೆ ಹೋಗಬೇಕಿದ್ದ ಬರ್ನರ್ ಹಾಗೂ ಅದರ ಜೊತೆಯಲ್ಲೇ ತಯಾರಾದ ಇತರ ಬರ್ನರುಗಳು ಘಟಕದಿಂದ ಹೊರಟುಹೋಗಿದ್ದವು.

ದಿನಾಂಕ 14-06-2011ರ ಮಂಗಳವಾರ ಬೆಳಿಗ್ಗೆ ಸುಮಾರು 11.30 ಗಂಟೆಗೆ ಮಾಕಳಿ ಕಾರ್ಖಾನೆಯ ಸೂಪರ್ವೈಸರ್ ಮುರಳಿ ನನ್ನ ಮೊಬೈಲಿಗೆ ಫೋನ್ ಮಾಡಿದರು. ಕರೆಂಟ್ ಹೋಗಿ ಬರ್ನರ್ ಆರಿತ್ತೆಂದೂ, ಜನರೇಟರ್ ಹಾಕಿದ ಮೇಲೆ ಈಶಪ್ಪ ಗುಂಡಿ ಒತ್ತಿದಾಗ ಹತ್ತಲಿಲ್ಲವೆಂದೂ, ಕೂಡಲೇ ಎರಡನೇ ಸಲ ಒತ್ತಿದಾಗ ಬೆಂಕಿ ಹೊರಗೆ ಬಂದು ಅವನ ಮುಖ ಮತ್ತು ಎರಡೂ ಕೈ ಸುಟ್ಟವೆಂದೂ ತಿಳಿಸಿದರು. ಕೂಡಲೇ ಎರಡನೇ ಸಲ ಒತ್ತಿದಾಗ ಎಣ್ಣೆ ಹೇಗೆ ಬಂತು ಎಂದು ಕೇಳಿದೆ. ಅವರು ಅಳುತ್ತಿದ್ದರು.

ನಾನು ಆಸ್ಪತ್ರೆಗೆ ಹೋದೆ. ಈಶಪ್ಪನವರ ಹುಬ್ಬುಗಳು ಇರಲಿಲ್ಲ. ಎಡಗಣ್ಣಿನ ಮಾತು ಈಗಲೇ ಹೇಳಲಾಗುವುದಿಲ್ಲ ಎಂದು ಡಾಕ್ಟರು ತಿಳಿಸಿದರು. ನನ್ನ ದನಿ ಗುರುತಿಸಿ ಈಶಪ್ಪನವರು ಕೇಳಿದ ಒಂದೇ ಮಾತು: "ಮೇಡಂ, ನಾ ತಪ್ಪ ಒತ್ತಿದ್ನೇನ್ರಿ?" ನಾನು ಇಲ್ಲ ಎಂದೆ. ಏನೂ ನೋಡದೆ ಹಾಗೆ ಹೇಳಿದ್ದೆ. ನೋಡಿ ಬಂದ ಮೇಲೆಯೂ ಅದನ್ನೇ ಹೇಳುತ್ತೇನೆ.

ಮರುದಿನ ಬುಧವಾರ ಸಂಜೆ ಮತ್ತೆ ಆಸ್ಪತ್ರೆಗೆ ಹೋದಾಗ ಈಶಪ್ಪನವರ ಹೆಂಡತಿ ಬಸಕ್ಕ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ನಮ್ಮ ಘಟಕದ ಕಡೆಯವರೊಬ್ಬರು ಮಧ್ಯಾಹ್ನ ಬಂದಿದ್ದರೆಂದೂ, ಬೇಗ ಹತ್ತಲೆಂದು ಈಶಪ್ಪನೇ ಸ್ಟಾಪರನ್ನು ಕತ್ತರಿಸಿದ್ದನೆಂದು ಬರೆದ ಹಾಳೆ ತಂದಿದ್ದರೆಂದೂ ಹೇಳಿದರು. ಗಂಡನ ಕೈಗಳಿಗೆ ಬ್ಯಾಂಡೇಜ್ ಇದ್ದುದರಿಂದ ಆಕೆಯೇ ಸಹಿ ಹಾಕಬೇಕೆಂದು ಬಂದವರು ಒತ್ತಾಯಿಸಿದರಂತೆ. ಬಸಕ್ಕ ಕೊಟ್ಟ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ಅವರ ಕೈ ಸುಟ್ಟಾವ, ನನ್ನ ಕೈ ಸುಟ್ಟಿಲ್ಲ. ನನ್ನ ಕೈ ಇನ್ನೂ ನನ್ನ ಮಾತ ಕೇಳತೈತಿ. ಹೊಂಡ್ರಿ ಇಲ್ಲಿಂದ." ಇಷ್ಟು ಹೇಳಿದ ಬಸಕ್ಕ ಸ್ಟಾಪರ್ ಎಂದರೆ ಏನು ಎಂದು ನನ್ನನ್ನು ಕೇಳಿದರು. ನಾನು ನನ್ನ ಕಿರುಬೆರಳು ತೋರಿಸಿ ವಿವರಿಸಿದೆ. ಅದನ್ನು ಕಣ್ಣಾರೆ ನೋಡಬೇಕು, ನಾನೂ ಬರುತ್ತೇನೆ ಎಂದರು.

ಈ ದಿನ ದಿನಾಂಕ 16-06-2011ರ ಗುರುವಾರ ಬೆಳಿಗ್ಗೆ 8.15 ಗಂಟೆಗೆ ನಾನು ಮತ್ತು ಬಸಕ್ಕ ಮಾಕಳಿ ಕಾರ್ಖಾನೆಗೆ ತಲುಪಿದೆವು. ಮುರಳಿ ನಮ್ಮನ್ನು ಬಾಯ್ಲರ್ ಕೋಣೆಗೆ ಕರೆದುಕೊಂಡು ಹೋದರು. ಎದುರಿನ ಗೋಡೆ ಕಪ್ಪಾಗಿತ್ತು. ಸುಟ್ಟ ಒಂದು ಚಪ್ಪಲಿ ಅಲ್ಲೇ ಬಿದ್ದಿತ್ತು. ಬಸಕ್ಕ ಅದನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡರು.

ಬರ್ನರಿನ ಹೊರಭಾಗಕ್ಕೆ ಹೆಚ್ಚಿನ ಹಾನಿ ಆಗಿರಲಿಲ್ಲ. ಪಕ್ಕದ ಮುಚ್ಚಳ ತೆಗೆದು ನೋಡಿದೆ. ಸ್ಟಾಪರ್ ಇರಬೇಕಾದಲ್ಲಿ ಒಂದು ಮೊಂಡು ಮಾತ್ರ ಇತ್ತು. ಗರಗಸದಿಂದ ಕೊಯ್ದದ್ದು ಎಂಬುದು ಸ್ಪಷ್ಟವಾಗಿತ್ತು. ಕೊಯ್ದ ಮುಖದ ಮೇಲೆ ಹಸಿರು ಬಣ್ಣವಿತ್ತು. ನಮ್ಮ ಘಟಕದಲ್ಲಿ ಎಲ್ಲ ಭಾಗಗಳನ್ನೂ ಜೋಡಿಸಿದ ನಂತರ ಕೊನೆಯಲ್ಲಿ ಯಂತ್ರದಿಂದ ಸಿಂಪಡಿಸುವ ಹಸಿರು ಬಣ್ಣ ಅದೇ. ಕುಂಚದಲ್ಲಿ ಹಚ್ಚಿದ್ದಲ್ಲ, ಪಕ್ಕದ ಬೋಲ್ಟಿನಿಂದ ಮೊಂಡಿನವರೆಗೆ ಎಲ್ಲೂ ತುಂಡಾಗದ ಒಂದೇ ಪದರ. ಅಂದರೆ ಕೊಯ್ದದ್ದು ಮೊದಲು, ಬಣ್ಣ ಆಮೇಲೆ. ಈಶಪ್ಪನವರು ಈ ಬರ್ನರನ್ನು ಮುಟ್ಟುವುದಕ್ಕೆ ಮುಂಚೆಯೇ ಅದನ್ನು ಪೀಣ್ಯದಲ್ಲಿ ಕೊಯ್ಯಲಾಗಿತ್ತು. ಬಸಕ್ಕ ಆ ಮೊಂಡಿನ ಮೇಲೆ ಬೆರಳು ಇಟ್ಟು ನೋಡಿದರು.

ಅಷ್ಟರಲ್ಲಿ ಮುರಳಿಯವರು, ರಿಪೇರಿಗೆಂದು ಬರ್ನರ್ ಒಯ್ಯಲು ವೆಂಕಟೇಶಪ್ಪನವರ ವ್ಯಾನು ಹತ್ತು ಗಂಟೆಗೆ ಬರಲಿದೆ ಎಂದು ತಿಳಿಸಿದರು. ಒಯ್ದ ಮೇಲೆ ಅದು ಇದೇ ಸ್ಥಿತಿಯಲ್ಲಿ ಮರಳಿ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಸ್ಪಾನರ್ ಕೇಳಿದೆ. ಮುರಳಿ ಸ್ಪಾನರ್ ತಂದು, ಅದನ್ನು ನನ್ನ ಕೈಗೆ ಕೊಡದೆ, "ಬೇಗ ಹಚ್ಚೋ ಅಂತ ಕೂಗಿದ್ದು ನಾನೇ ಮೇಡಂ. ಬೋಲ್ಟ್ ನಾನೇ ಬಿಚ್ಕೊಡ್ತೀನಿ ಬಿಡಿ" ಎಂದರು. ಎಣ್ಣೆಯ ಪೈಪನ್ನೂ ವೈರನ್ನೂ ಕಳಚಿದೆವು. ಮೂವರೂ ಸೇರಿ ಬರ್ನರನ್ನು ಎತ್ತಿ ಗೇಟಿನ ಬಳಿ ನಿಂತಿದ್ದ ಗೂಡ್ಸ್ ಆಟೋದಲ್ಲಿ ಇಟ್ಟೆವು. ಗೇಟಿನ ಸೆಕ್ಯುರಿಟಿಯವರಿಗೆ ನನ್ನ ಹೆಸರು, ಮೊಬೈಲ್ ನಂಬರ್ ಹೇಳಿ, ಇದನ್ನು ಪೊಲೀಸ್ ಠಾಣೆಗೆ ಒಯ್ಯುತ್ತಿದ್ದೇನೆ, ಯಾರು ಕೇಳಿದರೂ ಹಾಗೆಯೇ ಹೇಳಿ ಎಂದೆ. ಮುಚ್ಚಿಟ್ಟು ತಂದಿಲ್ಲ. ತುಮಕೂರು ರಸ್ತೆಯ ಉದ್ದಕ್ಕೂ ಬರ್ನರ್ ಎಲ್ಲರಿಗೂ ಕಾಣುತ್ತಿತ್ತು. ಬಸಕ್ಕ ಅದರ ಪಕ್ಕದಲ್ಲೇ, ಅದರ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು.

ಬೆಳಿಗ್ಗೆ 9.40 ಗಂಟೆಗೆ ಠಾಣೆ ತಲುಪಿದೆವು. ಇಂಥ ಸಾಮಾನನ್ನೆಲ್ಲ ಇಲ್ಲಿ ಇಡಲು ಜಾಗವಿಲ್ಲ, ವಾಪಸ್ ತೆಗೆದುಕೊಂಡು ಹೋಗಿ ಎಂದು ರಾಮಯ್ಯನವರು ಹೇಳಿದರು. ಬರ್ನರ್ ಎಲ್ಲಿರುತ್ತದೋ ನಾವೂ ಅಲ್ಲೇ ಇರುತ್ತೇವೆ ಎಂದು ಹೇಳಿ ಇಬ್ಬರೂ ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತೆವು. ಸಬ್ ಇನ್‌ಸ್ಪೆಕ್ಟರರಾದ ತಾವು ಬಂದು ಕೇಳುವವರೆಗೂ ಏಳಲಿಲ್ಲ.

ಸುಮಾರು 11 ಗಂಟೆಗೆ ವೆಂಕಟೇಶಪ್ಪನವರು ಬಂದು, ನಾನು ಬರ್ನರ್ ಕಳ್ಳತನ ಮಾಡಿದ್ದೇನೆಂದು ಟೈಪ್ ಮಾಡಿಸಿದ ದೂರನ್ನು ತಮಗೆ ಕೊಟ್ಟರು. ತಾವು ಅದನ್ನು ನನ್ನೆದುರು ಓದಿ, ಇದು ನಿಜವೇ ಎಂದು ಕೇಳಿದಿರಿ. ಬರ್ನರ್ ಬಿಚ್ಚಿದ್ದು ನಿಜ, ತಂದದ್ದು ನಿಜ, ಯಾರ ಅನುಮತಿಯನ್ನೂ ಕೇಳಲಿಲ್ಲ ಎಂಬುದೂ ನಿಜ ಎಂದೆ. ಕೇಳಿದ್ದರೆ ಅದು ಇಲ್ಲಿಗೆ ಬರುತ್ತಿರಲಿಲ್ಲ ಎಂದೂ ಹೇಳಿದೆ.

ನಂತರ ನಾನು ವೆಂಕಟೇಶಪ್ಪನವರನ್ನು, ಇದರ ಜೊತೆ ಹೊರಟ ಉಳಿದ ಬರ್ನರುಗಳು ಎಲ್ಲೆಲ್ಲಿಗೆ ಹೋಗಿವೆ ಎಂದು ತಮ್ಮೆದುರೇ ಕೇಳಿದೆ. ಅದು ಕಂಪನಿಯ ಗುಟ್ಟು, ಹೇಳಬೇಕಾಗಿಲ್ಲ ಎಂದರು. ಅವುಗಳಲ್ಲಿ ಒಂದು ಜಾಲಹಳ್ಳಿಯ ಖಾಸಗಿ ಹಾಸ್ಟೆಲ್ಲಿಗೆ ಹೋಗುವುದಿತ್ತು. ಅಲ್ಲಿಯ ಅಳತೆ ತೆಗೆಯಲು ನಾನೇ ಹೋಗಿದ್ದರಿಂದ ಬಾಯ್ಲರ್ ನೋಡಿಕೊಳ್ಳುವ ಚನಬಸಪ್ಪನವರ ನಂಬರ್ ನನ್ನ ಮೊಬೈಲಿನಲ್ಲಿತ್ತು. ತಮ್ಮ ಅನುಮತಿ ಪಡೆದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನ್ ಮಾಡಿದೆ. ಬರ್ನರಿನ ಪಕ್ಕದ ಮುಚ್ಚಳ ತೆಗೆದು ವಾಲ್ವಿನ ಎದುರು ಏನಿದೆ ನೋಡಿ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವರು, "ಒಂದ್ ಮೊಂಡ ಐತ್ರಿ ಮೇಡಂ. ಅದರ ಮ್ಯಾಲೂ ಹಸರ ಬಣ್ಣ ಹೊಡದಾರ" ಎಂದರು. ಎಣ್ಣೆಯ ಮುಖ್ಯ ವಾಲ್ವನ್ನು ಈಗಲೇ ಮುಚ್ಚಿ ಎಂದೆ. "ಇನ್ನೂ ಅನ್ನ ಆಗಿಲ್ರಿ, ಹುಡುಗ್ರು ಉಣ್ಣಾಕ ಬರ್ತಾರ, ಮ್ಯಾನೇಜರ್ ಬೈತಾರ್ರಿ" ಎಂದರು. "ಬೈಲಿ ಬಿಡ್ರಿ. ಶಿವಗಂಗಾ ಹೇಳ್ಯಾಳ ಅನ್ರಿ. ನೀವು ಅದರ ಮುಂದ ನಿಂದರಬ್ಯಾಡ್ರಿ" ಎಂದೆ. ಉರಿಯ ಮೊರೆತ ನಿಂತದ್ದು ಫೋನಿನಲ್ಲಿ ಕೇಳಿಸಿತು. ಠಾಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಆಗ ಬಸಕ್ಕ ಮೊದಲ ಸಲ ಅತ್ತರು.

ಇದಾದ ಮೇಲೆ ವೆಂಕಟೇಶಪ್ಪನವರು ನನ್ನನ್ನು ಹೊರಗಿನ ವರಾಂಡಕ್ಕೆ ಕರೆದು, "ಒಂಬತ್ತು ವರ್ಷ ಮನೆ ಮಗಳ ಥರ ನೋಡ್ಕೊಂಡಿದೀನಿ. ಸಾಮಾನು ವ್ಯಾನಿಗೆ ಹಾಕ್ಸು, ಕಂಪ್ಲೇಂಟ್ ವಾಪಸ್ ತಗೋತೀನಿ, ಸೋಮವಾರದಿಂದ ಕೆಲ್ಸಕ್ಕೆ ಬಾ" ಎಂದರು. ಏನಿದ್ದರೂ ಒಳಗೆ ಬಂದು ಎಲ್ಲರೆದುರು ಹೇಳಿ ಎಂದು ನಾನು ಒಳಗೆ ಬಂದೆ. ಅವರು ಹಿಂದೆಯೇ ಬಂದು ದೂರನ್ನು ಹಿಂದಕ್ಕೆ ಕೊಡುವಂತೆ ತಮ್ಮನ್ನು ಕೇಳಿದರು.

ಅದನ್ನು ಹಿಂದಕ್ಕೆ ಕೊಡಬಾರದೆಂದು ನಾನು ಕೋರುತ್ತೇನೆ. ಬರ್ನರ್ ತಮ್ಮ ಘಟಕದಲ್ಲೇ ತಯಾರಾದದ್ದೆಂದೂ, ಘಟಕದಿಂದ ಹೊರಟಾಗ ಹೇಗಿತ್ತೋ ಹಾಗೆಯೇ ಇರುವ ಬರ್ನರನ್ನು ನಾನು ಕದ್ದಿದ್ದೇನೆಂದೂ ಅವರೇ ಅದರಲ್ಲಿ ಬರೆಸಿ ಸಹಿ ಹಾಕಿದ್ದಾರೆ. ಹೊರಟಾಗ ಹೇಗಿತ್ತೋ ಹಾಗೆಯೇ ಇದೆ ಎಂಬುದನ್ನೇ ನಾನೂ ಹೇಳುತ್ತಿದ್ದೇನೆ. ಈಶಪ್ಪ ಕತ್ತರಿಸಿದ ಎಂದು ಆಸ್ಪತ್ರೆಯಲ್ಲಿ ಒಂದು ಮಾತು, ಯಾರೂ ಏನೂ ಮಾಡಿಲ್ಲ ಎಂದು ಠಾಣೆಯಲ್ಲಿ ಒಂದು ಮಾತು. ಎರಡರಲ್ಲಿ ಯಾವುದು ತಮ್ಮದೆಂದು ಅವರು ಕೋರ್ಟಿನಲ್ಲಿ ಹೇಳಲಿ. ಅವರ ದೂರಿನ ಮೇಲೆ ನನ್ನನ್ನು ಆರೋಪಿ ಎಂದು ದಾಖಲಿಸುವುದಾದರೆ ದಾಖಲಿಸಿ. ನನ್ನ ದೂರಿನ ಮೇಲೆ ಅವರನ್ನೂ ದಾಖಲಿಸಿ. ಉಳಿದ ಬರ್ನರುಗಳು ಎಲ್ಲಿವೆ ಎಂದು ಇವತ್ತೇ ಅವರಿಂದ ಹೇಳಿಸಿ ನಿಲ್ಲಿಸಬೇಕು. ಈ ಬರ್ನರನ್ನು ಪಂಚರ ಸಮಕ್ಷಮ ಜಪ್ತಿ ಮಾಡಬೇಕು, ಮೊಂಡಿನ ಮೇಲಿನ ಬಣ್ಣವನ್ನು ಯಾರೂ ಕೆರೆಯಬಾರದು. ಜಪ್ತಿಯಾಗುವವರೆಗೆ ನಾನು ಮತ್ತು ಬಸಕ್ಕ ಇಲ್ಲಿಂದ ಏಳುವುದಿಲ್ಲ.

ಮೇಲೆ ಬರೆದದ್ದನ್ನು ರಾಮಯ್ಯನವರು ಓದಿ ಹೇಳಿದರು. ಎರಡು ಕಡೆ "ಆಕಸ್ಮಿಕವಾಗಿ" ಎಂದು ಇದ್ದದ್ದನ್ನು ನನ್ನ ಕಣ್ಣೆದುರೇ ಹೊಡೆದುಹಾಕಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆ ಇದೆ, ನಾನು ಹೇಳಿದ್ದೆಲ್ಲ ನಡೆದಂತೆ ಇದೆ.

ಸ್ಥಳ: ಬೆಂಗಳೂರು
ದಿನಾಂಕ: 16-06-2011, ಮಧ್ಯಾಹ್ನ 1.30 ಗಂಟೆ

ಸಹಿ/-
ಶಿವಗಂಗಾ

ಸಾಕ್ಷಿ: ನನ್ನ ಸ್ವಂತ ಕೈಯಿಂದ,
ಬಸಕ್ಕ