ಮೂಳೆ ಕೋಣೆಯ ಸಹಪಾಠಿ

ಮಧ್ಯಾಹ್ನದಿಂದ ಮಳೆ ಬಿಟ್ಟಿರಲಿಲ್ಲ. ಮೂರನೇ ಸಲ ಪರೀಕ್ಷೆ ಬರೆದ ನನ್ನ ತಂಗಿಗೆ ಅವತ್ತೇ ಮೆಡಿಕಲ್ ಸೀಟು ಸಿಕ್ಕಿತ್ತು. ಅದೂ ಅಜ್ಜಿ ಓದಿದ ಕಾಲೇಜಿನಲ್ಲೇ. ಮನೆ ತುಂಬ ನೆಂಟರು, ನಗು, ಗದ್ದಲ. ಸಂಜೆ ಕರೆಂಟು ಹೋಯಿತು. ನಲವತ್ತು ವರ್ಷ ಡಾಕ್ಟರಾಗಿದ್ದ ಅಜ್ಜಿ ತಮ್ಮ ಕುರ್ಚಿಯನ್ನು ನಡುಮನೆಗೆ ಎಳೆದುಕೊಂಡರು. ನಾವೆಲ್ಲ ಸುತ್ತ ಕೂತೆವು.

“ನಂಗೂ ಮೂರನೇ ಸಲಕ್ಕೇ ಸಿಕ್ಕಿದ್ದು ಕಣ್ರೋ. ಅದೂ ಹೇಗೆ? ಕಾಯೋರ ಪಟ್ಟೀಲಿ ಕಟ್ಟಕಡೇ ಹೆಸರು ನಂದು. ಮುಂದಿದ್ದ ಯಾರೋ ಪುಣ್ಯಾತ್ಮ ಎಂಜಿನಿಯರ್ ಆಗ್ತೀನಿ ಅಂತ ಎದ್ದು ಹೋದ, ನಮ್ಮಪ್ಪ ಚಪ್ಪಲಿ ಹಾಕೋದೂ ಮರೆತು ಬೀದಿ ತುಂಬ ಹೇಳ್ಕೊಂಡು ಬಂದ್ರು. ಆದ್ರೆ ನಾನು ಸೇರೋ ಹೊತ್ತಿಗೆ ಕ್ಲಾಸು ಶುರುವಾಗಿ ಎರಡು ತಿಂಗಳು... ಎಲ್ರೂ ಮೂಳೆ ಹೆಸರು ಪಟಪಟ ಅಂತ ಹೇಳೋರು, ನಾನು ಕಣ್ಣು ಕಣ್ಣು ಬಿಡ್ತಿದ್ದೆ. ಅದಕ್ಕೇ ದಿನಾ ಊಟದ ಹೊತ್ತಲ್ಲಿ ಒಬ್ಳೇ ಮೂಳೆ ಕೋಣೇಲಿ ಕೂತು ಓದೋಳು.

ಒಂದಿನ ಬಾಗಿಲ ಹತ್ರ ಒಬ್ಬ ಹುಡುಗ. ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ಬಿಳಿ ಕೋಟು. ‘ಅಕ್ಕಾ, ಈ ಕಾಲರ್ ಬೋನ್ ಎಡಗಡೇದೋ ಬಲಗಡೇದೋ? ನಂಗೆ ಯಾವತ್ತೂ ಗೊತ್ತಾಗಲ್ಲ’ ಅಂದ. ನಂಗೆ ಮಾತ್ರ ಗೊತ್ತಿತ್ತಾ? ಪುಸ್ತಕ ನೋಡ್ಕೊಂಡು ಹೇಳ್ಕೊಟ್ಟೆ. ಮಾರನೇ ದಿನ ಮತ್ತೆ ಬಂದ, ಮತ್ತೆ ಮರ್ತಿದ್ದ! ಅಯ್ಯೋ, ಅಂಥ ದಡ್ಡನ್ನ ನಾನು ಕಂಡಿಲ್ಲ... ಆದ್ರೆ ಅವನಿಗೆ ಹೇಳ್ತಾ ಹೇಳ್ತಾ ನಂಗೆ ಎಲ್ಲಾ ಬಾಯಿಪಾಠ ಆಗೋಯ್ತು. ಎಷ್ಟು ನಗ್ತಿದ್ವಿ ಅಂತೀರಿ! ಒಂದೇ ವಿಚಿತ್ರ... ಮೂಳೇನ ಅವನು ಒಂದಿನಾನೂ ಕೈಲಿ ಹಿಡೀಲಿಲ್ಲ. ನಾನೇ ಎತ್ತಿ ತೋರಿಸ್ಬೇಕು.

ಪರೀಕ್ಷೆ ಹಿಂದಿನ ದಿನ ಅಟೆಂಡರ್ ಬಂದು, ‘ಏನಮ್ಮ, ದಿನಾ ಯಾರ ಜೊತೆ ಮಾತಾಡ್ತೀಯ?’ ಅಂದ್ರು. ಹೇಳಿದೆ. ಅವರ ಮುಖ ಬಿಳಿಚ್ಕೊಳ್ತು. ಆ ಹುಡುಗ ಮೊದಲ ವರ್ಷಾನೇ ಐದು ಸಲ ಫೇಲಾಗಿ, ಆರನೇ ಸಲಕ್ಕೆ ಓದ್ತಿದ್ದಾಗ ಜ್ವರ ಬಂದು ಹೋಗ್ಬಿಟ್ಟಿದ್ನಂತೆ. ನಾನು ಹುಟ್ಟೋಕೂ ಮುಂಚೆ ಸತ್ತೋನು ನನ್ನನ್ನ ‘ಅಕ್ಕಾ’ ಅಂತಿದ್ದ!

ಪುಸ್ತಕ ಅಲ್ಲೇ ಬಿಟ್ಟು ಹೊರಗೆ ಬಂದ್ಬಿಟ್ಟೆ. ಆದ್ರೆ ಅಷ್ಟು ಒದ್ದಾಡಿ ಸಿಕ್ಕಿದ ಸೀಟು, ಬಿಟ್ಟು ಓಡೋಕಾಗುತ್ತಾ? ಬೆಳಿಗ್ಗೆ ಹೋದೆ. ಪರೀಕ್ಷಕರು ಕಾಲರ್ ಬೋನ್ ಎತ್ತಿ ಹಿಡಿದು, ‘ಯಾವ ಕಡೇದು?’ ಅಂದ್ರು. ನಾನು ‘ಎಡ’ ಅಂದೆ. ನನ್ನ ಪಕ್ಕದಿಂದ್ಲೂ ‘ಎಡ ಸಾರ್!’ ಅಂತ ದನಿ ಬಂತು. ಅವರು ತಲೆ ಎತ್ತದೇ, ‘ಹೂಂ, ಇಬ್ರೂ ಪಾಸ್’ ಅಂದ್ಬಿಟ್ರು! ಆಮೇಲೆ ತಲೆ ಎತ್ತಿ ನೋಡಿದ್ರೆ ನಾನೊಬ್ಳೇ... ಅವನು ಖುಷೀಲಿ ಕುಣಿದ ನೋಡಿ, ಮೇಜಿನ ಮೇಲಿದ್ದ ಮೂಳೆಗಳೆಲ್ಲ ಲಟಲಟ ಅಂತ ಕುಣಿದ್ವು. ನನ್ನ ಹೆದರಿಕೆ ಎಲ್ಲಿ ಹೋಯ್ತೋ... ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.”

ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಂಗಿ, “ಪಾಸಾದ್ಮೇಲೆ ಹೊರಟುಹೋದ್ನಾ ಅಜ್ಜಿ?” ಎಂದಳು.

“ಎಲ್ಲಿಗೆ ಹೋಗ್ತಾನೆ? ಡಾಕ್ಟರಾಗೋಕೆ ಇನ್ನೂ ಎಷ್ಟು ವರ್ಷ ಓದ್ಬೇಕು! ಹೋದ ತಿಂಗಳು ನಾನು ಹಳೇ ವಿದ್ಯಾರ್ಥಿಗಳ ಕೂಟಕ್ಕೆ ಹೋಗಿದ್ನಲ್ಲ, ಲೈಬ್ರರೀಲಿ ಬೆನ್ನ ಹಿಂದಿನಿಂದ ‘ಅಕ್ಕಾ’ ಅಂದ. ಅದೇ ವಯಸ್ಸು... ಎರಡನೇ ವರ್ಷದಲ್ಲೇ ಕೂತಿದ್ದಾನೆ ಪಾಪ, ಔಷಧಿ ಹೆಸರು ತಲೆಗೆ ಹತ್ತಲ್ವಂತೆ. ‘ನನ್ನ ಮೊಮ್ಮಗಳೇನಾದ್ರೂ ಬಂದ್ರೆ ಹೇಳ್ಕೊಡ್ತಾಳೆ’ ಅಂದೆ. ‘ಬರ್ತಾಳಕ್ಕಾ, ಅವಳಿಗೇ ಕಾಯ್ತಿದ್ದೀನಿ’ ಅಂದ.”

ಅಜ್ಜಿ ತಂಗಿಯ ತಲೆ ಸವರಿದರು.

“ಆಗಿನ್ನೂ ನಿನ್ನ ರಿಸಲ್ಟೇ ಬಂದಿರ್ಲಿಲ್ಲ, ಪುಟ್ಟಿ...”